ಸೋರೆಬುರುಡೆಯಿಂದ ಗಾಜಿನ ಬಟ್ಟಲಿಗೆ

೨೦೧೬ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ರಿಯೊ ನಗರದಲ್ಲಿ ಒಲಿಂಪಿಕ್ ಪಂದ್ಯಗಳು ನಡೆದಾಗ, ಅಮೆರಿಕದ ಈಜುಗಾರರಾದ ಮೈಕೆಲ್ ಫೆಲ್ಪ್ಸ್ ಅವರ ಹೆಗಲ ಮೇಲೆ ನೇರಿಳೆಹಣ್ಣಿನ ಬಣ್ಣದ ದುಂಡನೆಯ ಕಲೆಗಳು ಕಂಡುಬಂದುವು. ಇದು ರೋಗವೋ, ಏಟೋ ಎಂದು ನೋಡಿದವರು ಬೆರಗಾದರು. ಸ್ನಾಯುಗಳ ಬಿಗಿತ ಸಡಿಲಲೆಂದೂ ದಣಿವು ಬೇಗ ಆರಲೆಂದೂ ಮೈಗೆ ಬಟ್ಟಲು ಹಚ್ಚಿಸಿಕೊಂಡುದರ ಗುರುತುಗಳವು ಎಂದು ತಿಳಿದ ಮೇಲೆ, ಯಾವುದೋ ಹೊಸ ವಿದ್ಯೆ ಹುಟ್ಟಿತೆಂಬಂತೆ ಸುದ್ದಿ ಲೋಕವನ್ನೆಲ್ಲ ಸುತ್ತಿತು. ಇಂಗ್ಲಿಷಿನವರು ಕಪ್ಪಿಂಗ್ ಎಂದೂ ಯುನಾನಿ ವೈದ್ಯರು ಹಿಜಾಮಾ ಎಂದೂ ಕರೆಯುವ ಈ ಚಿಕಿತ್ಸೆ ಹೊಸದಲ್ಲ. ಎರಡು ಸಾವಿರ ವರ್ಷಗಳಿಗಿಂತಲೂ ಹಳೆಯದಾದ ಅದರ ಚರಿತ್ರೆಯನ್ನು ಈ ಸಂಜೆ ನಾವು ಸ್ವಲ್ಪ ವಿಚಾರಿಸೋಣ.

ಕ್ರಮವೇನೋ ಸರಳವಾದುದು. ಬಟ್ಟಲಿನೊಳಗಿನ ಗಾಳಿಯನ್ನು ಬೆಂಕಿಯಿಂದಲೋ, ಬಾಯಿಂದ ಹೀರಿಯೋ, ಸಣ್ಣದೊಂದು ಪಂಪಿನಿಂದಲೋ ಕಡಮೆಮಾಡಿ ಚರ್ಮದ ಮೇಲೆ ಕವುಚಿದರೆ, ಅದರೊಳಗೆ ಮಾಂಸ ಉಬ್ಬಿ ನಿಲ್ಲುತ್ತದೆ. ಅಷ್ಟಕ್ಕೇ ಬಿಟ್ಟರೆ ಒಣಬಟ್ಟಲು. ಚರ್ಮವನ್ನು ಮೊದಲು ಸಣ್ಣಗೆ ಗೀರಿ ರಕ್ತವನ್ನೂ ಹೀರಿಸಿದರೆ ಹಸಿಬಟ್ಟಲು. ಪೂರ್ವಕಾಲದಲ್ಲಿ ಹೆಚ್ಚು ಗೌರವ ಪಡೆದುದು ಎರಡನೆಯದು. ಈಗ ಆಟಗಾರರು ಬಯಸುವುದು ಬಹುಮಟ್ಟಿಗೆ ಮೊದಲನೆಯದನ್ನು.

ಈ ವಿದ್ಯೆಯ ಹಳಮೆಗೆ ಭಾಷೆಯೇ ಒಂದು ಸೊಗಸಾದ ಸಾಕ್ಷಿ. ಸುಶ್ರುತ ಸಂಹಿತೆಯಲ್ಲಿ ರಕ್ತ ತೆಗೆಯುವುದಕ್ಕೆ ಶೃಂಗ, ಜಲೌಕ, ಅಲಾಬು ಎಂಬ ಮೂರು ಸಾಧನಗಳು ಹೇಳಲ್ಪಟ್ಟಿವೆ. ಶೃಂಗವೆಂದರೆ ಹಸುವಿನ ಕೊಂಬು, ಜಲೌಕವೆಂದರೆ ಜಿಗಣೆ, ಅಲಾಬುವೆಂದರೆ ನಮ್ಮ ಹಿತ್ತಲಿನ ಸೋರೆಕಾಯಿ. ಒಣಗಿದ ಸೋರೆಬುರುಡೆಯೊಳಗೆ ದೀಪವಿಟ್ಟು, ಗೀರಿದ ಜಾಗದ ಮೇಲೆ ಅದನ್ನು ಕವುಚತಕ್ಕದ್ದೆಂದು ಅಲ್ಲಿ ವಿಧಿಸಿದೆ. ಇತ್ತ ಗ್ರೀಕರು ಈ ಬಟ್ಟಲಿಗೆ ಇಟ್ಟ ಹೆಸರು ‘ಸಿಕೂಆ’; ಅದಕ್ಕೂ ಸೋರೆಯೆಂದೇ ಅರ್ಥ. ರೋಮನರ ‘ಕುಕುರ್ಬಿತುಲಾ’ ಎಂದರೂ ಕಿರುಸೋರೆಯೇ. ಯಾರು ಯಾರಿಂದ ಕಲಿತರೆಂಬ ಜಗಳಕ್ಕೆ ನಾವು ಹೋಗಬೇಕಾಗಿಲ್ಲ; ಟೊಳ್ಳಾದ ಬುರುಡೆ ಕೈಗೆ ಸಿಕ್ಕಿದ ಕಡೆಯಲ್ಲೆಲ್ಲ ಮನುಷ್ಯನ ಬುದ್ಧಿ ಒಂದೇ ದಾರಿಯಲ್ಲಿ ಓಡಿದ್ದರೆ ಆಶ್ಚರ್ಯವೇನು?

ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಬಾಳಿದ ರೋಮಿನ ಕೆಲ್ಸಸ್ ಎಂಬವನು ಎರಡು ಬಗೆಯ ಬಟ್ಟಲುಗಳನ್ನು ವರ್ಣಿಸಿದ್ದಾನೆ. ಒಂದು ಕಂಚಿನದು, ಒಳಗೆ ಉರಿಯುವ ಬಟ್ಟೆಯ ಎಳೆಯನ್ನು ಹಾಕಿ ಮೈಗೆ ಒತ್ತುವುದು. ಇನ್ನೊಂದು ಕೊಂಬಿನದು, ತುದಿಯ ರಂಧ್ರದಿಂದ ಗಾಳಿಯನ್ನು ಹೀರಿ, ರಂಧ್ರವನ್ನು ಮೇಣದಿಂದ ಮುಚ್ಚುವುದು. ಗ್ರೀಸಿನಲ್ಲಂತೂ ಈ ಬಟ್ಟಲು ವೈದ್ಯವೃತ್ತಿಯ ಲಾಂಛನವೇ ಆಗಿದ್ದಿತು. ಕ್ರಿಸ್ತಪೂರ್ವ ಐದನೆಯ ಶತಮಾನದ, ಈಗ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿರುವ, ಒಂದು ಶಿಲ್ಪದಲ್ಲಿ ಕುಳಿತ ವೈದ್ಯನೊಡನೆ ಇಂಥ ಬಟ್ಟಲುಗಳನ್ನು ಕೆತ್ತಿದ್ದಾರೆ. ಚೀನದಲ್ಲಿ ಮಾವಾಂಗ್‌ದುಯಿ ಎಂಬಲ್ಲಿ ೧೯೭೩ರಲ್ಲಿ ಅಗೆದ ಸಮಾಧಿಯೊಂದರಲ್ಲಿ ದೊರೆತ ರೇಷ್ಮೆಯ ಹಸ್ತಪ್ರತಿಯಲ್ಲಿಯೂ ಕೊಂಬಿನ ಪ್ರಯೋಗ ಕಾಣುತ್ತದೆ. ಆ ಸಮಾಧಿ ಮುಚ್ಚಿದ್ದು ಕ್ರಿಸ್ತಪೂರ್ವ ೧೬೮ರಲ್ಲಿ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದುಂಟು. ಕೈ ಮಾಡುವ ಕೆಲಸ ಎಲ್ಲೆಡೆಯಲ್ಲಿಯೂ ಒಂದೇ. ಬಾಯಿ ಹೇಳುವ ಕಾರಣ ಮಾತ್ರ ದೇಶಕ್ಕೊಂದು, ಕಾಲಕ್ಕೊಂದು. ವಾತದಿಂದ ಕೆಟ್ಟ ರಕ್ತಕ್ಕೆ ಕೊಂಬು, ಪಿತ್ತದಿಂದ ಕೆಟ್ಟುದಕ್ಕೆ ಜಿಗಣೆ, ಕಫದಿಂದ ಕೆಟ್ಟುದಕ್ಕೆ ಸೋರೆ ಎಂದು ಸುಶ್ರುತ ಸಂಹಿತೆ ವಿಂಗಡಿಸಿತು. ಗ್ರೀಕರಿಗೂ, ಅವರ ದಾಯಾದರಾದ ಅರಬ್ಬೀ ವೈದ್ಯರಿಗೂ, ಇದು ದೇಹದ ನಾಲ್ಕು ರಸಗಳನ್ನು ಸಮಮಾಡುವ ಉಪಾಯ. ಚೀನದವರು ‘ಚಿ’ ಎಂಬ ಪ್ರಾಣವಾಯುವಿನ ಅಡಚಣೆಯನ್ನು ಬಿಡಿಸುತ್ತೇವೆಂದರು. ಬಟ್ಟಲು ಮೈಗೆ ಅಂಟುವುದೇಕೆಂಬುದಕ್ಕೂ ‘ಪ್ರಕೃತಿಗೆ ಶೂನ್ಯವೆಂದರೆ ಆಗದು’ ಎಂಬ ಸಮಾಧಾನವೇ ಬಹುಕಾಲ ನಡೆಯಿತು. ೧೬೪೩ರಲ್ಲಿ ಇಟಲಿಯ ಟೊರಿಚೆಲ್ಲಿಯು ಪಾದರಸದ ನಳಿಗೆಯಿಂದ ಗಾಳಿಗೂ ಭಾರವುಂಟೆಂದು ತೋರಿಸಿದ ಮೇಲೆ ನಿಜವಾದ ಕಾರಣ ಸ್ಪಷ್ಟವಾಗತೊಡಗಿತು: ಬಟ್ಟಲು ಎಳೆಯುವುದಿಲ್ಲ, ಹೊರಗಿನ ಗಾಳಿಯೇ ಒತ್ತುತ್ತದೆ. ವಿವರಣೆ ಬದಲಾಯಿತು, ಬಟ್ಟಲು ಮಾತ್ರ ಅಲ್ಲಾಡಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಲಂಡನ್ ನಗರದಲ್ಲಿ ಇದು ಪ್ರತಿಷ್ಠಿತವಾದ ಕಸುಬು. ಥಾಮಸ್ ಮೇಪಲ್‌ಸನ್ ೧೮೧೩ರಲ್ಲಿಯೂ, ಸ್ಯಾಮ್ಯುಯೆಲ್ ಬೇಫೀಲ್ಡ್ ೧೮೨೩ರಲ್ಲಿಯೂ ಈ ವಿದ್ಯೆಯನ್ನು ಕುರಿತೇ ಗ್ರಂಥಗಳನ್ನು ಪ್ರಕಟಿಸಿದರು. ಹಿತ್ತಾಳೆಯ ಪುಟ್ಟ ಪೆಟ್ಟಿಗೆ. ಅದರಲ್ಲಿ ಸ್ಪ್ರಿಂಗಿಗೆ ಸಿಕ್ಕಿಸಿದ ಹಲವು ಅಲಗುಗಳು. ಗುಂಡಿಯನ್ನು ಒತ್ತಿದರೆ ಅವೆಲ್ಲ ಒಮ್ಮೆಗೇ ಹಾರಿ ಚರ್ಮವನ್ನು ಗೀರುತ್ತಿದ್ದುವು. ಪರೀಕ್ಷೆಯ ಕಾಲ ಬಂದುದು ಆಮೇಲೆ. ಪ್ಯಾರಿಸಿನ ವೈದ್ಯನಾದ ಪಿಯೆರ್ ಲೂಯಿ ೧೮೩೫ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಶ್ವಾಸಕೋಶದ ಉರಿಯೂತದಿಂದ ನರಳುತ್ತಿದ್ದ ೭೭ ಮಂದಿಯಲ್ಲಿ ಯಾರಿಗೆ ಎಂದು ರಕ್ತ ತೆಗೆದರು, ಯಾರು ಬದುಕಿದರು, ಯಾರು ಸತ್ತರು ಎಂದು ಅವನು ಲೆಕ್ಕವಿಟ್ಟನು. ರಕ್ತ ತೆಗೆಯುವುದರಿಂದ ಆಗುವ ಪ್ರಯೋಜನ, ವೈದ್ಯರು ನಂಬಿದ್ದುದಕ್ಕಿಂತ ಬಹಳ ಕಡಮೆಯೆಂದು ಆ ಲೆಕ್ಕ ಹೇಳಿತು. ಗ್ಯಾಲೆನನ ವಚನಕ್ಕಿಂತ ಒಂದು ಕೋಷ್ಟಕ ದೊಡ್ಡದಾದ ಈ ಘಳಿಗೆಯನ್ನು ವೈದ್ಯದ ಚರಿತ್ರೆಯಲ್ಲಿ ನಾವು ಬಹಳ ದೊಡ್ಡದೆಂದು ಎಣಿಸುತ್ತೇವೆ.

ಆದರೂ ಬಟ್ಟಲು ಸಾಯಲಿಲ್ಲ. ೧೯೨೯ರಲ್ಲಿ ಪ್ಯಾರಿಸಿನ ಬಡವರ ಆಸ್ಪತ್ರೆಯೊಂದನ್ನು ಸೇರಿದ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್‌ಗೆ ಅಲ್ಲಿ ಗಾಜಿನ ಬಟ್ಟಲುಗಳನ್ನು ಹಚ್ಚಿದರು. ಇದು ಕುದುರೆಗಳಿಗೆ ಮಾಡುವ ಚಿಕಿತ್ಸೆಯೆಂದೇ ಅದುವರೆಗೆ ತಾನು ಎಣಿಸಿದ್ದುದಾಗಿ ೧೯೪೬ರಲ್ಲಿ ಆತ ಬರೆದನು. ಪೂರ್ವ ಯೂರೋಪಿನ ಮನೆಗಳಲ್ಲಿ ಅಜ್ಜಿಯರು ನೆಗಡಿಗೂ ಕೆಮ್ಮಿಗೂ ಬಟ್ಟಲು ಹಚ್ಚುತ್ತಿದ್ದರು. ಅಲ್ಲಿನ ಯೆಹೂದ್ಯರ ಯಿಡ್ಡಿಷ್ ಭಾಷೆಯಲ್ಲಿ, ನಿಷ್ಪ್ರಯೋಜಕವಾದ ಉಪಾಯಕ್ಕೆ ‘ಹೆಣಕ್ಕೆ ಬಟ್ಟಲು ಹಚ್ಚಿದಂತೆ’ ಎನ್ನುವುದುಂಟು. ಹಚ್ಚಿಸಿಕೊಳ್ಳುತ್ತಿದ್ದವರೇ ನಗುತ್ತಲೂ ಇದ್ದರೆಂಬುದು ನಮಗೆ ಬಹಳ ಮೆಚ್ಚಿಕೆಯಾದ ವಿಷಯ.

ಹಾಗಾದರೆ ಈಗಿನ ಮಾತೇನು? ಕಲೆಗಳು ಎದ್ದುದನ್ನು ನೋಡಿ ‘ವಿಷವೆಲ್ಲ ಹೊರಬಂದಿತು’ ಎನ್ನುವವರಿದ್ದಾರೆ. ಅದು ವಿಷವಲ್ಲ, ಚರ್ಮದ ಕೆಳಗಿನ ಅತಿ ಸೂಕ್ಷ್ಮವಾದ ರಕ್ತನಾಳಗಳು ಒಡೆದು ಸೋರಿದ ರಕ್ತ. ಮಂಡಿ ತರಚದೆ ಏಟು ಬಿದ್ದಾಗ ಕಂದುವುದೂ ಅದೇ. ಕತ್ತು ಬೆನ್ನುಗಳ ನೋವು ಕೆಲವು ಕಾಲ ತಗ್ಗಿತೆಂದು ಹೇಳುವ ಪರೀಕ್ಷೆಗಳುಂಟು; ಆದರೆ ಅವುಗಳಲ್ಲಿ ಹೆಚ್ಚಿನವು ಚಿಕ್ಕವು, ದುರ್ಬಲವಾದವು. ದಣಿದ ಸ್ನಾಯು ಇದರಿಂದ ಬೇಗ ಚೇತರಿಸಿಕೊಳ್ಳುವುದೆಂಬುದಕ್ಕೆ ಗಟ್ಟಿಯಾದ ಪ್ರಮಾಣ ಇನ್ನೂ ದೊರೆತಿಲ್ಲ. ಪರೀಕ್ಷೆಯೂ ಸುಲಭವಲ್ಲ, ಸಕ್ಕರೆಯ ಗುಳಿಗೆಯನ್ನು ಔಷಧವೆಂದು ಕೊಡಬಹುದು, ಬೆನ್ನಿಗೆ ಅಂಟಿದ ಬಟ್ಟಲನ್ನು ಅಂಟಿಲ್ಲವೆಂದು ನಂಬಿಸುವುದು ಹೇಗೆ? ಎರಡು ಸಾವಿರ ವರ್ಷ ನಡೆದುಬಂದುದರಿಂದ ಇದು ಸತ್ಯವೇ ಇರಬೇಕೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಅಷ್ಟೇ ಕಾಲ ಗ್ರಹಣಕ್ಕೆ ರಾಹುವೂ ಕಾರಣನಾಗಿದ್ದನು.

ನಮ್ಮ ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಿದ್ದು, ಹಿಜಾಮಾ ಯುನಾನಿ ವೈದ್ಯದ ಕಲಿಕೆಗೆ ಸೇರಿದ ವಿಷಯವಾಗಿದೆ. ಬಯಸುವವರು ಅರಿತವರ ಬಳಿಗೆ ಹೋಗುವುದು ಲೇಸು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರೂ, ರಕ್ತಸ್ರಾವದ ರೋಗವುಳ್ಳವರೂ, ಗರ್ಭಿಣಿಯರೂ ಮೊದಲು ತಮ್ಮ ವೈದ್ಯರನ್ನು ಕೇಳತಕ್ಕದ್ದು. ಗಾಯವೋ ಹುಣ್ಣೋ ಇರುವ ಚರ್ಮದ ಮೇಲೆ ಬಟ್ಟಲು ಇಡಬಾರದು. ಬೆಂಕಿ ಬಳಸುವ ಕಡೆ ಮೈ ಸುಟ್ಟುಕೊಂಡವರುಂಟು. ಹಸಿಬಟ್ಟಲಿನಲ್ಲಿ ಒಬ್ಬರಿಗೆ ಬಳಸಿದ ಅಲಗು ಇನ್ನೊಬ್ಬರಿಗೆ ತಾಗಿದರೆ, ಕಾಮಾಲೆಯನ್ನು ತರುವಂಥ ರಕ್ತಗತವಾದ ಸೋಂಕುಗಳೂ ಅದರೊಡನೆ ಹೋಗಬಲ್ಲುವು. ಒಣಬಟ್ಟಲಿನ ಕಲೆಗಳಾದರೋ, ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾವಾಗಿಯೇ ಮಾಯುತ್ತವೆ.