ಸಂಗಮ ಆಯ್ತಾ?

ನಿಘಂಟಿನ ಪ್ರಕಾರ ಸಂಗಮ ಎಂದರೆ ಹೊಳೆಗಳು ಕೂಡುವ ಜಾಗ. ಆ ಲೆಕ್ಕದಲ್ಲಿ ಉಪ್ಪಿನಂಗಡಿಯಲ್ಲಿ ವರ್ಷವಿಡೀ ಸಂಗಮವೇ. ಸುಬ್ರಹ್ಮಣ್ಯ ದಾಟಿ ಬರುವ ಕುಮಾರಧಾರಾ ನೇತ್ರಾವತಿಗೆ ಸೇರುವುದು ಇಲ್ಲಿ. ಆದರೆ ಆಟಿ ತಿಂಗಳ ಮಳೆ ಬಿಡದೆ ಸುರಿಯುವಾಗ ಪೇಟೆಯಲ್ಲಿ ಕೇಳುವ ಮಾತು ಬೇರೆ.

"ಸಂಗಮ ಆಯ್ತಾ ಮಾರಾಯ್ರೆ?"

"ಎಲ್ಲಿ, ಇನ್ನೂ ನಾಲ್ಕು ಮೆಟ್ಟಿಲು ಉಂಟು."

ಎರಡೂ ಹೊಳೆ ಉಕ್ಕಿ, ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರು ನೆರೆನೀರು ಎರಡು ಕಡೆಯಿಂದ ಬಂದು ಮುಟ್ಟಿದರೆ ಮಾತ್ರ ಊರವರಿಗೆ ಅದು ಸಂಗಮ. ಆಗ ಗಂಗಾಪೂಜೆ. ಎಷ್ಟೋ ಮಳೆಗಾಲ ಸಂಗಮವಾಗದೆಯೇ ಮುಗಿಯುತ್ತದೆ. ಹಳಬರಾದರೆ ಮಾತು ಸೀದಾ 1974ರ ನೆರೆಗೆ ಹೋಗುತ್ತದೆ.

ಹೀಗೆ ಜಾಗದ ಹೆಸರು ಘಟನೆಯ ಹೆಸರೂ ಆಯಿತು. ಕ್ರಿಸ್ತಪೂರ್ವ 500ರ ಆಸುಪಾಸಿನಲ್ಲಿ ಎಫೆಸಸ್‌ನ ಗ್ರೀಕ್ ತತ್ವಜ್ಞಾನಿ ಹೆರಾಕ್ಲಿಟಸ್ ತಲೆ ಕೆಡಿಸಿಕೊಂಡದ್ದೂ ಇಂಥದ್ದಕ್ಕೇ. ಹೊಳೆ ಒಂದು ವಸ್ತುವೋ, ನಡೆಯುತ್ತಲೇ ಇರುವ ಸಂಗತಿಯೋ? ಒಂದೇ ಹೊಳೆಗೆ ಎರಡು ಸಲ ಇಳಿಯಲಾಗದು ಎಂಬ ಮಾತು ಅವನ ಹೆಸರಲ್ಲಿ ಓಡಾಡುತ್ತದೆ. ಪ್ಲೇಟೋ ಅದನ್ನು ನಮಗೆ ಹಾಗೆ ದಾಟಿಸಿದ್ದು. ಕ್ರಾಟಿಲಸ್ ಎಂಬವನು ಇನ್ನೂ ಮುಂದೆ ಹೋಗಿ, ಒಂದು ಸಲ ಕೂಡ ಇಳಿಯಲಾಗದು ಎಂದ. ಕೊನೆಕೊನೆಗೆ ಮಾತೇ ಬಿಟ್ಟು ಬರೀ ಬೆರಳಾಡಿಸುತ್ತಿದ್ದನಂತೆ, ಅರಿಸ್ಟಾಟಲ್ ಬರೆದಿದ್ದಾನೆ. ಎಲಿಯಾದ ಪಾರ್ಮೆನಿಡಿಸ್‌ನದು ಪೂರಾ ಉಲ್ಟಾ, ಇರುವುದು ಬದಲಾಗುವುದೇ ಇಲ್ಲ ಎಂಬ ವಾದ. ಇನ್ನು ನಮ್ಮ ಹೊಳೆಯನ್ನೇ ನೋಡಿ, ಉಪ್ಪಿನಂಗಡಿಯಿಂದ ಕೆಳಗೆ, ಬಂಟ್ವಾಳ ದಾಟಿ ಮಂಗಳೂರಿನ ಅಳಿವೆಯವರೆಗೂ ಹೊಳೆಗೆ ನೇತ್ರಾವತಿ ಎಂದೇ ಹೆಸರು. ಕುಮಾರಧಾರೆಯ ಹೆಸರು ಇಲ್ಲಿಗೆ ಮುಗಿಯಿತು, ನೀರು ಮುಗಿಯಲಿಲ್ಲ. ಹೆರಾಕ್ಲಿಟಸ್, ಪಾರ್ಮೆನಿಡಿಸ್ ಇಬ್ಬರೂ ಇದನ್ನು ತಮ್ಮ ಪರವಾದ ಸಾಕ್ಷಿ ಎಂದೇ ಹೇಳಿಕೊಳ್ಳಬಹುದಿತ್ತು.

ನನಗಂತೂ ಹೆರಾಕ್ಲಿಟಸ್ ಹೊಳೆಗಿಂತ ಹೆಚ್ಚಾಗಿ ನೆನಪಾಗುವುದು ಮನುಷ್ಯನ ಬಗ್ಗೆ ಆಡಿದ ಮಾತಿಗೆ. ರಕ್ತ ಮೆತ್ತಿಕೊಂಡು ಶುದ್ಧರಾಗುತ್ತೇವೆ ಎನ್ನುವವರನ್ನು, ಕೆಸರನ್ನು ಕೆಸರಿನಿಂದ ತೊಳೆಯುವವರು ಎಂದು ಗೇಲಿ ಮಾಡಿದ್ದ. ಉಪ್ಪಿನಂಗಡಿಯ ಮಖೆ ಜಾತ್ರೆಗೆ ಶುದ್ಧರಾಗಲೆಂದು ಹೊಳೆಯಲ್ಲಿ ಮುಳುಗೇಳುವ ನಮ್ಮನ್ನು ಏನೆನ್ನುತ್ತಿದ್ದನೋ. ಮನುಷ್ಯನಿಗೆ ಅವನ ನಡತೆಯೇ ದೈವ ಎಂಬುದು ಅವನ ಇನ್ನೊಂದು ಮಾತು. ತುಳುನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ದೈವ ಕೋಲದಲ್ಲಿ ಎದುರು ನಿಂತು, ತಪ್ಪಿದವನನ್ನು ಹೆಸರು ಹಿಡಿದು ಕೇಳುತ್ತದೆ. ಹೆರಾಕ್ಲಿಟಸ್ ಆ ವಿಚಾರಣೆಯನ್ನು ಅವರವರ ಒಳಗೇ ಇಟ್ಟ. ತಪ್ಪಿಸಿಕೊಳ್ಳುವುದು ಅಲ್ಲಿಯೇ ಹೆಚ್ಚು ಕಷ್ಟ.

ಸಂಗಮ ನೋಡಲು ಹೋಗುವವರಿಗೆ ಒಂದು ಮಾತು. ಹೆರಾಕ್ಲಿಟಸ್ ಹೇಳಿದ್ದು ಸರಿಯೋ ಎಂದು ನೆರೆಯಲ್ಲಿ ಕಾಲಿಟ್ಟು ಪರೀಕ್ಷೆ ಮಾಡಬೇಡಿ, ಗೃಹರಕ್ಷಕರು ಹೇಳಿದಲ್ಲೇ ನಿಲ್ಲಿ.