ಓಡಿದ್ದಕ್ಕೆ ಸಾಕ್ಷಿ ಯಾರು?

ನಮ್ಮ ಬಜಪೆಯಲ್ಲಿ ದೊಡ್ಡವರು ಓಡುವುದು ಎರಡೇ ಕಾರಣಕ್ಕೆ. ಬಸ್ಸು ತಪ್ಪೀತೆಂದು ಒಂದು, ವಿಮಾನ ತಪ್ಪೀತೆಂದು ಇನ್ನೊಂದು. ಇವೆರಡೂ ಅಲ್ಲದೆ ಐವತ್ತು ದಾಟಿದ ಹೆಂಗಸೊಬ್ಬಳು ಬೆಳಗಿನ ಐದೂವರೆಗೆ ಕಟೀಲು ರಸ್ತೆಯಲ್ಲಿ ಓಡುತ್ತಿದ್ದಾಳೆಂದರೆ ಮನೆಯಲ್ಲಿ ಯಾರಿಗೋ ಏನೋ ಆಗಿದೆಯೆಂದೇ ಅರ್ಥ. ಮೊದಲ ವಾರ ನನ್ನನ್ನು ಕಂಡವರೆಲ್ಲ, "ಏನು ಟೀಚರ್, ಎಲ್ಲ ಸೌಖ್ಯವಾ?" ಎಂದು ಗಾಬರಿಯಿಂದ ಕೇಳಿದರು. ಹಾಲಿನವರು ಸ್ಕೂಟರ್ ನಿಲ್ಲಿಸಿ, "ಕೂತುಕೊಳ್ಳಿ, ಆಸ್ಪತ್ರೆಗೆ ಬಿಡುತ್ತೇನೆ" ಎಂದರು. ಸುಮ್ಮನೆ ಓಡುತ್ತಿದ್ದೇನೆ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಇದಕ್ಕೆಲ್ಲ ಕಾರಣ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು. 2024ರ ಆರಂಭದಲ್ಲಿ ಫೋನು ಮಾಡಿ, "ಅಮ್ಮಾ, ಏಪ್ರಿಲ್ ಕೊನೆಗೆ ಇಲ್ಲಿ ಮ್ಯಾರಥಾನ್ ಇದೆ. ನಿನ್ನ ಹೆಸರು ಕೊಟ್ಟಿದ್ದೇನೆ. ಹೇಗೂ ರಜೆ ಅಲ್ಲವಾ?" ಎಂದಳು. ನನಗಾಗ ಐವತ್ತಮೂರು ವರ್ಷ.

ಸರಿಯಾಗಿ ಹೇಳಬೇಕೆಂದರೆ ಅದು ಮ್ಯಾರಥಾನ್ ಅಲ್ಲ. 2008ರಲ್ಲಿ ಆರಂಭವಾದ ಬೆಂಗಳೂರಿನ ಹತ್ತು ಕಿಲೋಮೀಟರಿನ ಓಟ, ವರ್ಲ್ಡ್ ಟೆನ್‌ಕೆ. ಆದರೆ ನಮ್ಮ ಜನ ರಸ್ತೆಯ ಮೇಲೆ ಗುಂಪಾಗಿ ಓಡುವುದಕ್ಕೆಲ್ಲ ಮ್ಯಾರಥಾನ್ ಎಂದೇ ಹೇಳುವುದು. ನಿಜವಾದ ಮ್ಯಾರಥಾನ್ ಎಂದರೆ 42 ಕಿಲೋಮೀಟರು 195 ಮೀಟರು. ಮಂಗಳೂರಿನಿಂದ ಹೊರಟರೆ ಹೆಚ್ಚುಕಡಿಮೆ ಕಾಪುವಿನ ದೀಪಸ್ತಂಭದವರೆಗೆ ಓಡಬೇಕು. 1896ರಲ್ಲಿ ಅದು ಸುಮಾರು ನಲವತ್ತು ಕಿಲೋಮೀಟರಿತ್ತು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಈಗಿನ ಅಳತೆಯಲ್ಲಿ ಓಡಿದರು, 1921ರಲ್ಲಿ ಅದೇ ನಿಯಮವಾಯಿತು.

ಡಾಕ್ಟರರ ಹತ್ತಿರ ಹೋಗಿ ರಕ್ತದೊತ್ತಡ, ಸಕ್ಕರೆ, ಮೊಣಕಾಲು ಎಲ್ಲ ತೋರಿಸಿ ಬಂದೆ. ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆ, ವಾರಕ್ಕೆ ನಾಲ್ಕು ದಿನ ಸಾಕು, ಅವಸರ ಮಾಡಬೇಡಿ ಎಂದರು. ಹಾಗೆಯೇ ಮಾಡಿದೆ. ಓಟವನ್ನು ನಿಧಾನವಾಗಿ ಹೆಚ್ಚಿಸಿ, ನಡಿಗೆಯನ್ನು ನಿಧಾನವಾಗಿ ಕಡಿಮೆ ಮಾಡುವುದು, ಅಷ್ಟೇ ಗುಟ್ಟು. ಮೈ ಒಪ್ಪಿಕೊಂಡಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಸಮಾಜ ಪಾಠ ಮಾಡುವವಳಾದ ನನಗೆ ಹೆದರಿಕೆಯಾದಾಗ ಇತಿಹಾಸ ಓದುವ ಚಾಳಿ. ನನಗಿಂತ ಮೊದಲು ಯಾವ ಹೆಂಗಸು ಹೀಗೆ ಓಡಿದ್ದಾಳೆ ಎಂದು ಹುಡುಕುತ್ತ ಹೋದೆ. ಆಗ ಸಿಕ್ಕಿದವಳು ಸ್ತಮಾತಾ ರೆವಿತಿ.

1896ರ ಏಪ್ರಿಲ್ 10ರಂದು ಮೊದಲ ಆಧುನಿಕ ಒಲಿಂಪಿಕ್ಸಿನ ಮ್ಯಾರಥಾನ್ ನಡೆಯಿತು. ಗೆದ್ದ ಸ್ಪಿರಿಡಾನ್ ಲೂಯಿಸ್‌ನ ಹೆಸರನ್ನು ರಸಪ್ರಶ್ನೆಗೆಂದು ಮಕ್ಕಳಿಗೆ ನಾನೇ ಬಾಯಿಪಾಠ ಮಾಡಿಸಿದ್ದೇನೆ. ಅದರ ಮರುದಿನ ಅದೇ ಮ್ಯಾರಥಾನ್ ಹಳ್ಳಿಯಿಂದ ಅಥೆನ್ಸಿಗೆ ಒಬ್ಬ ಬಡ ಹೆಂಗಸು ಒಬ್ಬಳೇ ಓಡಿದ್ದು ನನಗೇ ಗೊತ್ತಿರಲಿಲ್ಲ. ಮೂವತ್ತು ವರ್ಷದ ಸ್ತಮಾತಾ ಏಳು ವರ್ಷದ ಒಂದು ಮಗುವನ್ನು ಕಳೆದುಕೊಂಡಿದ್ದಳು, ಇನ್ನೊಂದು ಕೈಗೂಸು. ಓಡಿ ಹೆಸರಾದರೆ ಎಲ್ಲಾದರೂ ಕೆಲಸ ಸಿಕ್ಕೀತೆಂಬ ಆಸೆ. ಹಿಂದಿನ ದಿನದ ಓಟಕ್ಕೆ ಅವಳನ್ನು ಸೇರಿಸಿಕೊಂಡಿರಲಿಲ್ಲ. ಆದ್ದರಿಂದ ಆಕೆ ಹೊರಡುವ ಮೊದಲು ಹಳ್ಳಿಯ ಶಾಲಾ ಮಾಸ್ತರರು, ಊರಿನ ಮುಖ್ಯಸ್ಥರು, ನ್ಯಾಯಾಧಿಕಾರಿ ಇವರ ಹತ್ತಿರ, ತಾನು ಇಷ್ಟು ಗಂಟೆಗೆ ಹೊರಟಿದ್ದೇನೆ ಎಂದು ಕಾಗದ ಬರೆಸಿ ಸಹಿ ಹಾಕಿಸಿಕೊಂಡಳು. ಸುಮಾರು ಐದೂವರೆ ಗಂಟೆಯಲ್ಲಿ ಅಥೆನ್ಸ್ ಮುಟ್ಟಿದಳು. ಕ್ರೀಡಾಂಗಣದೊಳಗೆ ಬಿಡಲಿಲ್ಲ. ಹೊರಗೆ ಸಿಕ್ಕ ಅಧಿಕಾರಿಗಳಿಂದ, ಮುಟ್ಟಿದ ಹೊತ್ತಿಗೂ ಸಹಿ ಪಡೆದಳು. ಆಮೇಲೆ ಅವಳು ಏನಾದಳೆಂದು ಇತಿಹಾಸ ಹೇಳುವುದಿಲ್ಲ.

ಓದಿ ಮುಗಿಸಿದ ಮೇಲೆ ಆ ಮಾಸ್ತರರ ಸಹಿಯೇ ನನ್ನ ಕಣ್ಣ ಮುಂದೆ ನಿಂತಿತು. ಊರೆಲ್ಲ ಬೇಡವೆಂದಾಗ ಒಬ್ಬ ಶಾಲಾ ಮಾಸ್ತರರು, ಹೌದು, ಇವಳು ಓಡಿದ್ದಾಳೆ ಎಂದು ಬರೆದುಕೊಟ್ಟರಲ್ಲ!

ಬೇರೆಯವರು ಬರೆದದ್ದು ಹೀಗಿರಲಿಲ್ಲ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರ 800 ಮೀಟರ್ ಓಟದಲ್ಲಿ ಒಂಬತ್ತು ಮಂದಿ ಓಡಿ ಒಂಬತ್ತೂ ಮಂದಿ ಗುರಿ ಮುಟ್ಟಿದರು. ಪತ್ರಿಕೆಗಳು ಮಾತ್ರ ಹುಡುಗಿಯರು ದಾರಿಯಲ್ಲೇ ಕುಸಿದು ಬಿದ್ದರೆಂದು ಬರೆದವು. ಆ ಸುಳ್ಳು ಸಾಕಾಯಿತು. 1960ರವರೆಗೆ ಆ ಓಟವನ್ನೇ ಒಲಿಂಪಿಕ್ಸಿನಿಂದ ತೆಗೆದುಹಾಕಿದರು. 1966ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಬಾಬಿ ಗಿಬ್ ಎಂಬಾಕೆ ಪೊದೆಯ ಮರೆಯಲ್ಲಿ ಅಡಗಿ ನಿಂತು, ಗುಂಪು ಹೊರಟ ಮೇಲೆ ಸೇರಿಕೊಂಡು ಓಡಿ ಮುಗಿಸಿದಳು. ಮರುವರ್ಷ ಕ್ಯಾಥರಿನ್ ಸ್ವಿಟ್ಜರ್ ಹೆಸರಿನ ಮೊದಲಕ್ಷರಗಳನ್ನಷ್ಟೇ ಬರೆದು ಅರ್ಜಿ ಹಾಕಿ 261ನೇ ನಂಬರು ಪಡೆದಳು. ಹೆಣ್ಣೆಂದು ಗೊತ್ತಾದೊಡನೆ ಒಬ್ಬ ಅಧಿಕಾರಿ ರಸ್ತೆಯಲ್ಲೇ ಮೇಲೆ ಬಿದ್ದು ಆ ನಂಬರಿನ ಚೀಟಿ ಕೀಳಲು ಬಂದ. ಅವಳು ಬಿಡಲಿಲ್ಲ, ಓಟ ಮುಗಿಸಿದಳು. ಬಾಸ್ಟನ್ನಿನಲ್ಲಿ ಹೆಂಗಸರನ್ನು ಕ್ರಮಬದ್ಧವಾಗಿ ಸೇರಿಸಿಕೊಂಡದ್ದು 1972ರಲ್ಲಿ. 2017ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಸ್ವಿಟ್ಜರ್ ಅದೇ 261ನೇ ನಂಬರು ಹಚ್ಚಿಕೊಂಡು ಅದೇ ಬಾಸ್ಟನ್ ಮ್ಯಾರಥಾನನ್ನು ಐದು ಗಂಟೆಯೊಳಗೆ ಮತ್ತೆ ಓಡಿ ಮುಗಿಸಿದರು.

ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮ್ಯಾರಥಾನ್ ಸಿಕ್ಕಿದ್ದು 1984ರ ಆಗಸ್ಟ್ 5ರಂದು, ಲಾಸ್ ಏಂಜಲೀಸಿನಲ್ಲಿ. ಅಮೆರಿಕದ ಜೋನ್ ಬೆನಾಯ್ಟ್ ಗೆದ್ದಳು. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆ ವಾರ ನಮ್ಮ ಕಿವಿಯೆಲ್ಲ ಪಿ.ಟಿ. ಉಷಾಳ ಕಡೆಗಿತ್ತು. ಮೂರು ದಿನದ ಮೇಲೆ ಆಕೆ 400 ಮೀಟರ್ ಹರ್ಡಲ್ಸಿನಲ್ಲಿ ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಕಂಚಿನ ಪದಕ ಕಳೆದುಕೊಂಡಾಗ ಎಂಟನೇ ಕ್ಲಾಸಿನ ಹುಡುಗಿಯರಾದ ನಾವು ನಿಜಕ್ಕೂ ಅತ್ತಿದ್ದೆವು.

ಆ ವರ್ಷ ನಾನೂ ಓಡುತ್ತಿದ್ದೆ. ತಾಲೂಕು ಮಟ್ಟದ 800 ಮೀಟರಿನಲ್ಲಿ ಎರಡನೆಯವಳಾಗಿ ಜಿಲ್ಲಾ ಮಟ್ಟಕ್ಕೆ ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಶಾಲೆಯ ಗೋಡೆಗೆ ಅಂಟಿಸಿದ್ದ ಆ ಹಾಳೆಯನ್ನು ದಿನಕ್ಕೆ ಹತ್ತು ಸಲ ನೋಡಿಬಂದೆ. ಮನೆಯಲ್ಲಿ ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದರು: "ಹುಡುಗಿ ಚಡ್ಡಿ ಹಾಕಿ ಓಡುವುದು ಬೇಡ." ಎರಡು ದಿನ ಬಿಟ್ಟು ನೋಡಿದರೆ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ. ಅಮ್ಮನ ಮೇಲಿನ ಆ ಸಿಟ್ಟನ್ನು ನಲವತ್ತು ವರ್ಷ ಇಟ್ಟುಕೊಂಡಿದ್ದೆ ಎಂದರೆ ನೀವು ನಗಬಹುದು.

ಅಮ್ಮ ಈಗ ನನ್ನ ಜೊತೆಗೇ ಇದ್ದಾರೆ. ಒಂದು ಬೆಳಿಗ್ಗೆ ಓಡಿ ಬಂದು ಜಗಲಿಯಲ್ಲಿ ಕೂತು ಕಾಲು ತಿಕ್ಕಿಕೊಳ್ಳುತ್ತಿದ್ದಾಗ ಎಣ್ಣೆಯ ಬಟ್ಟಲು ತಂದಿಟ್ಟರು. "ಆವತ್ತು ಬಿಟ್ಟಿದ್ದರೆ ಈಗ ಹೀಗೆ ಓಡಬೇಕಿರಲಿಲ್ಲ" ಎಂದು ನನ್ನ ಬಾಯಿಂದ ಜಾರಿತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಚಡ್ಡಿಯ ವಿಷಯ ಅಲ್ಲ ಮಗಾ. ನಿನ್ನ ಅಪ್ಪನ ಮನಿಯಾರ್ಡರು ಬೊಂಬಾಯಿಯಿಂದ ಬಾರದೆ ಮೂರು ತಿಂಗಳಾಗಿತ್ತು. ನೀನು ಎರಡು ದಿನ ಹೋದರೆ ಚಿಕ್ಕವರನ್ನು ನೋಡುವುದು ಯಾರು? ನಾನು ಕಟ್ಟುವ ಬೀಡಿ ಅರ್ಧಕ್ಕೆ ನಿಲ್ಲುತ್ತಿತ್ತು. ಅದನ್ನು ಹೇಳಲು ನಾಚಿಕೆಯಾಯಿತು." ನಾನು ಏನೂ ಹೇಳಲಿಲ್ಲ. ಬಟ್ಟಲಿನ ಎಣ್ಣೆಯಲ್ಲಿ ಸ್ವಲ್ಪ ಅಮ್ಮನ ಕಾಲಿಗೂ ಹಚ್ಚಿದೆ.

ಅಮ್ಮನ ವಯಸ್ಸು ಎಷ್ಟೆಂದು ಕೇಳಿದರೆ ಅದೂ ಒಂದು ಕತೆ. ಶಾಲೆಯ ಲೆಕ್ಕದಲ್ಲಿ ಹುಟ್ಟಿದ್ದು 1948ರ ಜೂನ್ 1. ಜೂನ್ 1 ಎಂದರೆ ಶಾಲೆ ತೆರೆಯುವ ದಿನ. ಹುಟ್ಟಿದ ತಾರೀಕು ಗೊತ್ತಿಲ್ಲದ ಮಕ್ಕಳಿಗೆಲ್ಲ ಆಗಿನ ಮಾಸ್ತರರು ಅದನ್ನೇ ಬರೆದುಕೊಳ್ಳುತ್ತಿದ್ದರು. ಆದರೆ ಬಜಪೆಗೆ ಮೊದಲ ವಿಮಾನ ಬಂದ ದಿನ ತಾನು ಅಜ್ಜನ ಹಿಂದೆ ಗುಡ್ಡ ಹತ್ತಿ ನಡೆದುಕೊಂಡೇ ಹೋಗಿದ್ದೆ, ಯಾರೂ ಎತ್ತಿಕೊಳ್ಳಲಿಲ್ಲ ಎನ್ನುತ್ತಾರೆ ಅಮ್ಮ. ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದದ್ದು 1951ರ ಡಿಸೆಂಬರ್ 25ರಂದು. ಮೂರೂವರೆ ವರ್ಷದ ಮಗು ಅಷ್ಟು ದೂರ ನಡೆದೀತೆ? ಐದಾದರೂ ಆಗಿರಬೇಕು. ಅಮ್ಮನ ಕಾಲು ಹೇಳುವುದೇ ಒಂದು, ಕಾಗದ ಹೇಳುವುದೇ ಇನ್ನೊಂದು.

ಈ ತೊಂದರೆ ನಮ್ಮ ಅಮ್ಮನಿಗೆ ಮಾತ್ರವಲ್ಲ. ಫೌಜಾ ಸಿಂಗ್ ಹೆಸರು ನೀವು ಕೇಳಿರಬಹುದು. ಪಂಜಾಬಿನ ಜಲಂಧರ್ ಹತ್ತಿರದ ಬಿಯಾಸ್ ಪಿಂಡ್ ಹಳ್ಳಿಯ ರೈತ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನ 1911ರ ಏಪ್ರಿಲ್ 1. ಹೆಂಡತಿ ತೀರಿಕೊಂಡರು, 1994ರಲ್ಲಿ ಮಗ ಕಣ್ಣ ಮುಂದೆಯೇ ತೀರಿಹೋದ. ಆ ದುಃಖದಿಂದ ಹೊರಬರಲೆಂದು ಲಂಡನ್ನಿನಲ್ಲಿ ಓಡಲು ಹಿಡಿದರು. 2000ದಲ್ಲಿ, ಎಂಬತ್ತೊಂಬತ್ತರ ವಯಸ್ಸಿನಲ್ಲಿ, ಲಂಡನ್ ಮ್ಯಾರಥಾನನ್ನು 6 ಗಂಟೆ 54 ನಿಮಿಷದಲ್ಲಿ ಮುಗಿಸಿದರು. 2011ರಲ್ಲಿ ಟೊರಾಂಟೊದಲ್ಲಿ ಪೂರಾ ಮ್ಯಾರಥಾನ್ ಓಡಿದಾಗ ಅವರಿಗೆ ನೂರು ವರ್ಷ. ಎಂಟು ಗಂಟೆಗೂ ಹೆಚ್ಚು ಹೊತ್ತು ರಸ್ತೆಯಲ್ಲಿದ್ದರು. ಗಿನ್ನೆಸ್ ಪುಸ್ತಕದವರು ಮಾತ್ರ ಜನನ ಪ್ರಮಾಣಪತ್ರ ಇಲ್ಲವೆಂದು ಆ ದಾಖಲೆಯನ್ನು ಒಪ್ಪಲಿಲ್ಲ. 1911ರಲ್ಲಿ ಪಂಜಾಬಿನ ಹಳ್ಳಿಯಲ್ಲಿ ಹುಟ್ಟಿದ ಕೂಸಿಗೆ ಯಾರು ಪ್ರಮಾಣಪತ್ರ ಕೊಡುತ್ತಿದ್ದರು? ಅಜ್ಜ ಮಾತ್ರ ಓಡುವುದು ಬಿಡಲಿಲ್ಲ. 2013ರಲ್ಲಿ ಹಾಂಕಾಂಗಿನಲ್ಲಿ ಕೊನೆಯ ಸ್ಪರ್ಧೆ, ಹತ್ತು ಕಿಲೋಮೀಟರು, 1 ಗಂಟೆ 32 ನಿಮಿಷ 28 ಸೆಕೆಂಡು. 2025ರ ಜುಲೈಯಲ್ಲಿ ತಮ್ಮ ಊರಿನ ರಸ್ತೆಯಲ್ಲೇ ವಾಹನ ಬಡಿದು ತೀರಿಕೊಂಡರೆಂಬ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಅಮ್ಮನೂ ನಾನೂ ತುಂಬ ಹೊತ್ತು ಅವರದೇ ಮಾತಾಡಿದೆವು.

ಇನ್ನು ನನ್ನ ಓಟದ ವಿಷಯ. 2024ರ ಏಪ್ರಿಲ್ 26ರಂದು ಲೋಕಸಭೆ ಚುನಾವಣೆ. ಮತಗಟ್ಟೆಯ ಕೆಲಸ ಮುಗಿಸಿ ಮನೆ ಸೇರುವಾಗ ನಡುರಾತ್ರಿ. ಮರುದಿನ ಬೆಳಿಗ್ಗೆ ಬೆಂಗಳೂರು ಬಸ್ಸು. ಭಾನುವಾರ, 28ರ ಮುಂಜಾನೆ, ಸಾವಿರಾರು ಮಂದಿಯ ನಡುವೆ ನಿಂತಾಗ ಸುತ್ತಲಿದ್ದ ಎಷ್ಟೋ ಜನರ ಎಡಗೈ ಬೆರಳಲ್ಲಿ ನಮ್ಮಂಥವರು ಹಾಕಿದ ಶಾಯಿಯ ಗುರುತು ಇನ್ನೂ ಕಪ್ಪಾಗಿತ್ತು. ನನ್ನ ಎದೆಯ ಮೇಲೆ ಪಿನ್ನು ಚುಚ್ಚಿದ ನಂಬರಿನ ಚೀಟಿ, ಹೊತ್ತನ್ನು ಲೆಕ್ಕ ಹಿಡಿಯುವ ಚಿಪ್ಪು ಅದರಲ್ಲೇ. ಕೀಳಲು ಯಾರೂ ಬರಲಿಲ್ಲ. ಅದನ್ನು ಎರಡು ಸಲ ಮುಟ್ಟಿ ನೋಡಿಕೊಂಡೆ.

ಆ ಏಪ್ರಿಲಿನಲ್ಲಿ ಬೆಂಗಳೂರಿಗೆ ಮಳೆಯೇ ಇಲ್ಲ, ಬೆಳಿಗ್ಗೆಯೇ ಸೆಕೆ. ಐದು ಕಿಲೋಮೀಟರು ಚೆನ್ನಾಗಿಯೇ ಹೋಯಿತು. ಏಳರ ಹತ್ತಿರ ಬಲ ಮೊಣಕಾಲು ಹಟ ಹಿಡಿಯಿತು. ಕಾಲೇಜು ಹುಡುಗರು ಗಾಳಿಯಂತೆ ದಾಟಿ ಹೋಗುತ್ತಿದ್ದರು. ರಸ್ತೆ ಬದಿಯಲ್ಲಿ ನಿಂತವರೊಬ್ಬರು "ಬನ್ನಿ ಅಮ್ಮಾ, ಇನ್ನು ಸ್ವಲ್ಪವೇ!" ಎಂದು ಕೂಗಿದರು. ಯಾರೋ ಏನೋ. ಐವತ್ತಮೂರು ವರ್ಷದಲ್ಲಿ ರಸ್ತೆಯಲ್ಲಿ ನನ್ನನ್ನು ನೋಡಿ ನಿಲ್ಲು ಎಂದವರು, ನಿಧಾನ ಎಂದವರು ತುಂಬ ಮಂದಿ, ಓಡು ಎಂದವರು ಅವರೊಬ್ಬರೇ. ಕುಂಟುತ್ತ, ನಡೆಯುತ್ತ, ಓಡುತ್ತ ಗುರಿ ಮುಟ್ಟಿದೆ. 1 ಗಂಟೆ 34 ನಿಮಿಷ. ನೂರಾಒಂದು ವರ್ಷದ ಫೌಜಾ ಅಜ್ಜ ನನಗಿಂತ ಒಂದೂವರೆ ನಿಮಿಷ ಮುಂದೆ!

ಊರಿಗೆ ಬಂದ ಮೇಲೆ ಫೋನಿಗೆ ಪ್ರಮಾಣಪತ್ರ ಬಂತು. ಬಜಪೆ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಹತ್ತು ಕಿಲೋಮೀಟರು ಅಂದರೆ ಎಷ್ಟು?" ಎಂದರು. "ನಿಮ್ಮ ಬೀಡಿ ಬ್ರಾಂಚಿಗೆ ಒಂದೂವರೆ ಸಲ ಹೋಗಿ ಬಂದಷ್ಟು" ಎಂದೆ. "ಅಷ್ಟೇಯಾ!" ಎಂದು ಕಾಗದ ಹಿಂದೆ ಕೊಟ್ಟರು.

ಅದನ್ನು ಹೇಳಿದ ಮೇಲೆಯೇ ನನಗೆ ಲೆಕ್ಕ ಹೊಳೆದದ್ದು. ಹಳೆಯ ಮನೆಯಿಂದ ಬ್ರಾಂಚಿಗೆ ಗುಡ್ಡದ ದಾರಿಯಲ್ಲಿ ಮೂರೂವರೆ ಕಿಲೋಮೀಟರು. ಕಟ್ಟಿದ ಬೀಡಿ ಕೊಟ್ಟು, ಎಲೆ, ಹೊಗೆಸೊಪ್ಪು ಹೊತ್ತು ಬರುವಾಗ ಏಳು. ವಾರಕ್ಕೆ ಆರು ದಿನ. ಆರೇಳಲಿ ನಲವತ್ತೆರಡು. ಉಳಿದ 195 ಮೀಟರನ್ನು ಬಾವಿಕಟ್ಟೆಯ ಲೆಕ್ಕಕ್ಕೆ ಹಾಕಿದರೂ ಮಿಕ್ಕುತ್ತದೆ. ಹೀಗೆ ಇಪ್ಪತ್ತೆರಡು ವರ್ಷ. ಮಳೆ ಬರುವ ಹಾಗಿದ್ದರೆ ಎಲೆ ನೆನೆಯದಂತೆ ಅದರಲ್ಲಿ ಅರ್ಧ ಓಟವೇ.

ಅಮ್ಮನ ಟ್ರಂಕಿನಲ್ಲಿ ಬ್ರಾಂಚಿನ ಹಳೆಯ ಪುಸ್ತಕ ಇನ್ನೂ ಇದೆ. ತಾರೀಕು, ಕೊಟ್ಟ ಎಲೆ, ತಂದ ಬೀಡಿ, ತೆಗೆದುಹಾಕಿದ ಬೀಡಿ, ಎಲ್ಲ ಬರೆದಿದ್ದಾರೆ. ನಡೆದ ದೂರಕ್ಕೆ ಕಲಮು ಇಲ್ಲ. ನಾನು ಒಂದು ಬಿಳಿ ಹಾಳೆ ತೆಗೆದುಕೊಂಡು ಅಮ್ಮನ ಹೆಸರು, ದಿನಕ್ಕೆ ಏಳು ಕಿಲೋಮೀಟರು, ವಾರಕ್ಕೆ ನಲವತ್ತೆರಡು, ವರ್ಷ ಇಪ್ಪತ್ತೆರಡು ಎಂದು ಬರೆದೆ. ಕೆಳಗೆ ತಾರೀಕು ಹಾಕಿ, "ಶಾಲಾ ಶಿಕ್ಷಕಿ" ಎಂದು ಸಹಿ ಮಾಡಿದೆ.

"ಇದು ಯಾಕೆ? ಪಿಎಫ್‌ನದ್ದಾ?" ಎಂದು ಕೇಳಿದರು ಅಮ್ಮ. ಅಲ್ಲವೆಂದೆ. ಆದರೂ ಸಹಿ ಇರುವ ಕಾಗದ, ಯಾವತ್ತಾದರೂ ಬೇಕಾದೀತೆಂದು ನಾಲ್ಕು ಮಡಿಕೆ ಮಾಡಿ ಬೀಡಿಯ ಪುಸ್ತಕದೊಳಗೆ ಇಟ್ಟುಕೊಂಡರು.