ತೀರಿಕೊಂಡವರ ಆರಾಮ ಕುರ್ಚಿ ಮನೆಯಲ್ಲಿ ಇಡಬಾರದೇ? ಫಾರ್ವರ್ಡ್ ನಂಬುವ ಮೊದಲು ಇದನ್ನು ಓದಿ

ಅಜ್ಜ ತೀರಿಕೊಂಡು ವರ್ಷವಾಗಿದೆ. ಜಗಲಿಯ ಮೂಲೆಯಲ್ಲಿ ಅವರ ಆರಾಮ ಕುರ್ಚಿ ಹಾಗೇ ಇದೆ. ಅಷ್ಟರಲ್ಲಿ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬರುತ್ತದೆ: ಸತ್ತವರು ಬಳಸಿದ ಕುರ್ಚಿಯಲ್ಲಿ ಕೂತರೆ ಅವರ ರೋಗವೇ ನಮಗೂ ಬರುತ್ತದೆ, ಕೂಡಲೇ ಹೊರಗೆ ಹಾಕಿ. ಇನ್ನೊಂದು ಗುಂಪಿನಲ್ಲಿ ತದ್ವಿರುದ್ಧ ಮಾತು: ಹಳೆ ಕುರ್ಚಿಗೆ ವಿದೇಶದಲ್ಲಿ ಲಕ್ಷಗಟ್ಟಲೆ ಬೆಲೆ ಇದೆ, ಬಿಡಬೇಡಿ. ಯಾವುದನ್ನು ನಂಬುವುದು?

ಚುಟುಕಾಗಿ ಹೇಳುವುದಾದರೆ, ಎರಡೂ ಪೂರ್ತಿ ನಿಜವಲ್ಲ. ಹಳೆ ಕುರ್ಚಿಯಿಂದ ತೊಂದರೆ ಆಗಬಹುದು. ಆದರೆ ಅದರಲ್ಲಿ ಯಾರು ಕೂತಿದ್ದರು ಎಂಬುದರಿಂದಲ್ಲ. ಬೆತ್ತದ ಸಂದಿಯ ತಿಗಣೆ, ಮರದೊಳಗಿನ ಹುಳು, ಹಳೆ ಬಣ್ಣದ ಸೀಸ ಮತ್ತು ಸೀಟಿನ ತಗ್ಗು, ನೋಡಬೇಕಾದ್ದು ಈ ನಾಲ್ಕನ್ನು. ನಾಲ್ಕನ್ನೂ ಮನೆಯಲ್ಲೇ ಪರೀಕ್ಷಿಸಬಹುದು.

ಯಾವ ಕುರ್ಚಿಯ ಮಾತು ಇದು?

ಮಲೆನಾಡು, ಕರಾವಳಿ ಮತ್ತು ಕೊಡಗಿನ ಹಳೆ ಮನೆಗಳಲ್ಲಿ, ತೋಟದ ಬಂಗಲೆಗಳಲ್ಲಿ ಕಾಣುವ ಉದ್ದ ಕೈಗಳ ಒರಗು ಕುರ್ಚಿ ಇದು. ಬ್ರಿಟಿಷರ ಕಾಲದಲ್ಲಿ ಕಾಫಿ, ಟೀ ತೋಟಗಳ ಬಂಗಲೆಗಳಲ್ಲಿ ಹೆಚ್ಚು ಬಳಕೆಯಲ್ಲಿತ್ತು. ಅದಕ್ಕೇ ಇದಕ್ಕೆ ಪ್ಲಾಂಟರ್ಸ್ ಚೇರ್ ಎಂಬ ಹೆಸರು. ಚೌಕಟ್ಟು ಬೀಟೆ, ತೇಗ ಅಥವಾ ಹಲಸಿನ ಮರದ್ದು. ಕೂರುವ ಜಾಗ ಮತ್ತು ಬೆನ್ನು ಬೆತ್ತದ ಹೆಣಿಗೆ. ಕೆಲವದರಲ್ಲಿ ಕೈಯ ಕೆಳಗಿರುವ ಪಟ್ಟಿಯನ್ನು ಮುಂದಕ್ಕೆ ತಿರುಗಿಸಿ ಅದರ ಮೇಲೆ ಕಾಲು ಚಾಚಬಹುದು.

ಬೆತ್ತವನ್ನು ಬಳಸಿದ್ದು ಬರೀ ಅಂದಕ್ಕಲ್ಲ. ಹೆಣಿಗೆಯ ತೂತುಗಳಲ್ಲಿ ಗಾಳಿ ಆಡುವುದರಿಂದ ಸೆಕೆಯ ಊರಿನಲ್ಲೂ ಬೆನ್ನಿನ ಬೆವರು ಆರುತ್ತದೆ. ಫೋಮ್ ಸೋಫಾದಲ್ಲಿ ಈ ಅನುಕೂಲ ಇಲ್ಲ.

ರೋಗ ಕುರ್ಚಿಯಿಂದ ಬರುತ್ತದೆಯೇ?

ಹೃದಯಾಘಾತ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಇವು ಅಂಟುರೋಗಗಳಲ್ಲ. ಇವುಗಳಿಂದ ತೀರಿಕೊಂಡವರ ಕುರ್ಚಿಯಲ್ಲಿ ಕೂತರೆ ಏನೂ ಆಗುವುದಿಲ್ಲ. ಕ್ಷಯ ಅಂಟುರೋಗ ಹೌದು. ಆದರೆ ಅದು ರೋಗಿ ಕೆಮ್ಮಿದಾಗ, ಮಾತಾಡಿದಾಗ ಗಾಳಿಗೆ ಸೇರುವ ಸೂಕ್ಷ್ಮ ಹನಿಗಳಿಂದ ಹರಡುತ್ತದೆ, ಕುರ್ಚಿ ಮುಟ್ಟಿದ್ದರಿಂದಲ್ಲ. ಕಜ್ಜಿಯ ಹುಳು ಬಟ್ಟೆ, ಹಾಸಿಗೆಗಳಿಂದ ದಾಟಬಹುದು. ಆದರೆ ಸಾಮಾನ್ಯವಾಗಿ ಅದು ಮನುಷ್ಯನ ಮೈ ಬಿಟ್ಟು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ತಿಂಗಳುಗಟ್ಟಲೆ ಖಾಲಿ ಇದ್ದ ಕುರ್ಚಿಯಲ್ಲಿ ಅದರ ಭಯ ಬೇಡ.

ಕುರ್ಚಿ ನೋಡಿದಾಗಲೆಲ್ಲ ದುಃಖ ಉಕ್ಕಿ ಬರುತ್ತದೆ ಎಂದು ಕೆಲವರು ಅದನ್ನು ಒಳಗಿಡುತ್ತಾರೆ. ಅದು ಅವರವರ ಮನಸ್ಸಿಗೆ ಬಿಟ್ಟದ್ದು, ತಪ್ಪೇನಿಲ್ಲ. ನಾವು ಹೇಳುತ್ತಿರುವುದು ಇಷ್ಟೇ: ರೋಗದ ಭಯಕ್ಕೆ ಹೊರಗೆ ಹಾಕಬೇಡಿ.

ತಿಗಣೆ: ನಿಜವಾದ ತೊಂದರೆ

ಬೆತ್ತದ ಕುರ್ಚಿ ತಿಗಣೆಗೆ ಹೇಳಿ ಮಾಡಿಸಿದ ಜಾಗ. ಹೆಣಿಗೆಯ ತೂತು, ಮೂಲೆಯ ಕೂಡು, ಪಟ್ಟಿಯ ಅಡಿ ಎಲ್ಲೆಂದರಲ್ಲಿ ಅಡಗುತ್ತದೆ. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತದೆ. ಆದ್ದರಿಂದ ಅಟ್ಟದಿಂದ ಇಳಿಸಿದ ಅಥವಾ ಹಳೆ ಸಾಮಾನಿನ ಅಂಗಡಿಯಿಂದ ತಂದ ಕುರ್ಚಿಯನ್ನು ನೇರ ಮಲಗುವ ಕೋಣೆಗೆ ಒಯ್ಯಬೇಡಿ. ಹೊರಗೆ ಬೋರಲು ಹಾಕಿ, ಟಾರ್ಚ್ ಹಿಡಿದು ನೋಡಿ. ಸಣ್ಣ ಕಪ್ಪು ಚುಕ್ಕೆ, ಕಳಚಿದ ಪೊರೆ, ಬಿಳಿ ಮೊಟ್ಟೆ ಕಂಡರೆ ತಿಗಣೆ ಇದೆ ಎಂದೇ ಲೆಕ್ಕ. ತಿಗಣೆಯಿಂದ ರೋಗ ಹರಡುತ್ತದೆ ಎಂದು ಸಾಬೀತಾಗಿಲ್ಲ, ಆದರೆ ತುರಿಕೆ ಮತ್ತು ನಿದ್ದೆಗೇಡು ತಪ್ಪಿದ್ದಲ್ಲ.

ಸೀಮೆಎಣ್ಣೆ ಸುರಿಯಿರಿ ಎಂಬ ಸಲಹೆ ಪಾಲಿಸಬೇಡಿ. ಒಂದು ಕಿಡಿ ಸಾಕು, ಬೆಂಕಿ ಹತ್ತುತ್ತದೆ. ಕುದಿನೀರು ಸುರಿದರೆ ಹಳೆ ಅರಗಿನ ಪಾಲಿಶ್ ಬೆಳ್ಳಗಾಗಿ ಹಾಳಾಗುತ್ತದೆ. ಬ್ರಷ್‌ನಿಂದ ಸಂದಿಗಳನ್ನು ಉಜ್ಜಿ, ವ್ಯಾಕ್ಯೂಮ್ ಇದ್ದರೆ ಎಳೆದು, ವಾರಕ್ಕೊಮ್ಮೆ ಮತ್ತೆ ಪರೀಕ್ಷಿಸಿ. ಹೋಗದಿದ್ದರೆ ಕೀಟ ನಿಯಂತ್ರಣದವರನ್ನು ಕರೆಸಿ.

ಕುರ್ಚಿಯ ಕೆಳಗೆ ಪುಡಿ ಬೀಳುತ್ತಿದೆಯೇ?

ಟಾಲ್ಕಂ ಪೌಡರಿನಷ್ಟು ನುಣ್ಣನೆಯ ಪುಡಿ ಮತ್ತು ಮರದಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಅದು ಮರ ಕೊರೆಯುವ ಕುಟ್ಟೆ ಹುಳುವಿನ ಕೆಲಸ. ತೂತು ಇದ್ದ ಮಾತ್ರಕ್ಕೆ ಹುಳು ಈಗಲೂ ಇದೆ ಎಂದಲ್ಲ. ಅದು ಹುಳು ಹೊರಗೆ ಹೋದ ದಾರಿ. ಪುಡಿ ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಹೊಸ ಪುಡಿ ಬಿದ್ದರೆ ಹುಳು ಜೀವಂತವಾಗಿರುವ ಸಾಧ್ಯತೆ ಹೆಚ್ಚು.

ಈ ಹುಳು ಸಾಮಾನ್ಯವಾಗಿ ಮರದ ಹೊರಭಾಗದ ಬಿಳಿ ತಿರುಳನ್ನು ತಿನ್ನುತ್ತದೆ, ಅದರಲ್ಲಿ ಪಿಷ್ಟ ಇರುತ್ತದೆ. ಬೀಟೆ, ತೇಗದ ಗಟ್ಟಿ ಚೇಗಿಗೆ ಅದು ಕೈ ಹಾಕುವುದು ಕಡಿಮೆ. ಹಾಗಾಗಿ ಇಡೀ ಕುರ್ಚಿಯನ್ನು ಸೌದೆಗೆ ಹಾಕುವ ಮೊದಲು ಬಡಗಿಗೆ ತೋರಿಸಿ. ಎಷ್ಟೋ ಸಲ ಒಂದು ಪಟ್ಟಿ ಬದಲಿಸಿದರೆ ಸಾಕಾಗುತ್ತದೆ.

ಹಳೆ ಬಣ್ಣ ಉಜ್ಜುವಾಗ ಎಚ್ಚರ

ಕುರ್ಚಿಗೆ ಪಾಲಿಶ್ ಬದಲು ಎಣ್ಣೆ ಬಣ್ಣ ಬಳಿದಿದ್ದರೆ ಅದರಲ್ಲಿ ಸೀಸ ಇರುವ ಸಾಧ್ಯತೆ ಇದೆ. ನಮ್ಮ ದೇಶದಲ್ಲಿ ಮನೆ ಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ಮರಳು ಕಾಗದದಲ್ಲಿ ಉಜ್ಜಿದರೆ ದೂಳು ಮನೆಯೆಲ್ಲ ಹರಡುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಇಷ್ಟು ಸೀಸ ಮೈಗೆ ಸೇರಿದರೆ ಪರವಾಗಿಲ್ಲ ಎಂಬ ಸುರಕ್ಷಿತ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಜ್ಜಲೇಬೇಕಾದರೆ ಮನೆಯ ಹೊರಗೆ, ಒದ್ದೆ ಮಾಡಿ, ಮಾಸ್ಕ್ ಹಾಕಿ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಟ್ಟು ಮಾಡಿಸಿ. ಬಣ್ಣ ಸಿಪ್ಪೆ ಏಳುತ್ತಿರುವ ಕುರ್ಚಿಯನ್ನು ಅಂಬೆಗಾಲಿಡುವ ಮಗುವಿನ ಕೈಗೆ ಸಿಗುವಂತೆ ಇಡಬೇಡಿ.

ಬೆತ್ತ ಜೋತುಬಿದ್ದರೆ ಎಸೆಯಬೇಕೇ?

ಬೇಡ. ಎಳೆ ಹರಿಯದೆ ಬರೀ ಸಡಿಲವಾಗಿದ್ದರೆ ಕುರ್ಚಿ ಬೋರಲು ಹಾಕಿ, ಬೆತ್ತದ ಅಡಿಭಾಗಕ್ಕೆ ಬೆಚ್ಚಗಿನ ನೀರಿನ ಒದ್ದೆ ಬಟ್ಟೆ ಒತ್ತಿ. ಮೇಲಿನ ನುಣುಪು ಸಿಪ್ಪೆ ನೀರು ಹೀರುವುದಿಲ್ಲ, ಅಡಿ ಹೀರುತ್ತದೆ. ರಾತ್ರಿಯೆಲ್ಲ ಒಣಗಿದಾಗ ಎಳೆಗಳು ಕುಗ್ಗಿ ಬಿಗಿಯಾಗುತ್ತವೆ. ಪೂರ್ತಿ ಒಣಗುವವರೆಗೆ ಕೂರಬೇಡಿ. ಎಳೆಗಳು ತುಂಡಾಗಿದ್ದರೆ ಮಾತ್ರ ಹೊಸದಾಗಿ ಹೆಣೆಸಬೇಕು.

ಅಜ್ಜಿ ಇದರಲ್ಲಿ ಕೂರಬಹುದೇ?

ಫಾರ್ವರ್ಡ್‌ಗಳು ಎಂದೂ ಹೇಳದ ಅಪಾಯ ಇಲ್ಲಿದೆ. ಈ ಕುರ್ಚಿಯ ಸೀಟು ತಗ್ಗು, ಹಿಂದಕ್ಕೆ ಇಳಿಜಾರು. ತಗ್ಗಿನಿಂದ ಏಳಲು ಮೊಣಕಾಲು ಹೆಚ್ಚು ಮಡಿಸಬೇಕು, ತೊಡೆಗೆ ಹೆಚ್ಚು ಬಲ ಬೇಕು. ಮಂಡಿನೋವು ಇರುವ ಹಿರಿಯರು ಅರ್ಧ ಎದ್ದು ಮತ್ತೆ ಕುಸಿಯುವುದು, ಮುಗ್ಗರಿಸುವುದು ಇದರಿಂದಲೇ. ಸೊಂಟದ ಕೀಲು ಬದಲಿಸಿಕೊಂಡವರಿಗೆ ತಗ್ಗು ಕುರ್ಚಿ ಬೇಡ ಎಂದು ವೈದ್ಯರೇ ಹೇಳುತ್ತಾರೆ. ಗಟ್ಟಿ ದಿಂಬು ಹಾಕಿ ಎತ್ತರಿಸಬಹುದು. ಕಾಲು ಚಾಚುವ ಪಟ್ಟಿಯನ್ನು ಮೊದಲು ಒಳಗೆ ತಿರುಗಿಸಿ, ಆಮೇಲೆ ಏಳಲು ಹೇಳಿ. ಅದರ ಮೇಲೆ ಭಾರ ಹಾಕಿ ಏಳುವುದು ಅಪಾಯ.

ಲಕ್ಷ ರೂಪಾಯಿ ಬೆಲೆ ನಿಜವೇ?

ಈ ಮಾತಿನ ಹಿಂದೆ ಒಂದು ನಿಜ ಸಂಗತಿ ಇದೆ. 1950ರ ದಶಕದಲ್ಲಿ ಚಂಡೀಗಢ ನಗರ ಕಟ್ಟುವಾಗ ಅಲ್ಲಿನ ಸರ್ಕಾರಿ ಕಚೇರಿಗಳಿಗೆಂದು ಪಿಯರ್ ಜನರೆ ತೇಗ ಮತ್ತು ಬೆತ್ತದ ಕುರ್ಚಿಗಳನ್ನು ವಿನ್ಯಾಸ ಮಾಡಿದರು. ಮುಂದೆ ಅವನ್ನು ಗುಜರಿ ಎಂದು ಹರಾಜು ಹಾಕಲಾಯಿತು. ಅವೇ ವಿದೇಶಿ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಹೋದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಆ ಪೀಠೋಪಕರಣಗಳ ಮಾರಾಟವನ್ನೇ ತಡೆಯಿತು.

ಆದರೆ ಆ ಬೆಲೆ ಬಂದದ್ದು ಹಳೆಯದು ಎಂಬ ಕಾರಣಕ್ಕಲ್ಲ. ಯಾರು ವಿನ್ಯಾಸ ಮಾಡಿದ್ದು, ಯಾವ ಕಟ್ಟಡದ್ದು ಎಂಬುದಕ್ಕೆ ದಾಖಲೆ ಇತ್ತು. ಅನೇಕ ಕುರ್ಚಿಗಳ ಮೇಲೆ ಕಚೇರಿಯ ಗುರುತು, ಸಂಖ್ಯೆ ಬರೆದಿತ್ತು. ನಮ್ಮ ಮನೆಯ ಕುರ್ಚಿಗೆ ಅಂಥ ದಾಖಲೆ ಇರುವುದು ಅಪರೂಪ. ಕಾನೂನೂ ಗೊತ್ತಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು ಎನಿಸಲು ಸಾಮಾನ್ಯವಾಗಿ 100 ವರ್ಷ ಆಗಿರಬೇಕು, ಅಂಥದ್ದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಬೀಟೆ ಮರಕ್ಕೆ 2017ರಿಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣವೂ ಇದೆ. ವಿದೇಶಕ್ಕೆ ಕಳಿಸಿಕೊಡುತ್ತೇವೆ, ಮೊದಲು ಮುಂಗಡ ಹಣ ಕಟ್ಟಿ ಎನ್ನುವವರನ್ನು ನಂಬಬೇಡಿ. ಹಾಗೆಯೇ ಬಾಗಿಲಿಗೆ ಬಂದ ಗುಜರಿಯವರಿಗೆ ಕೇಳಿದಷ್ಟಕ್ಕೆ ಕೊಡಲೂ ಬೇಡಿ. ಕಪ್ಪು ಪಾಲಿಶ್ ಹಚ್ಚಿದರೆ ಯಾವ ಮರವೂ ಬೀಟೆಯಂತೆ ಕಾಣುತ್ತದೆ. ಪಾಲಿಶ್ ತಾಗದ ಅಡಿಭಾಗವನ್ನು ಒಬ್ಬ ಅನುಭವಿ ಬಡಗಿಗೆ ತೋರಿಸಿ, ಮರ ಯಾವುದೆಂದು ತಿಳಿದುಕೊಂಡು ಆಮೇಲೆ ಮಾತಾಡಿ.

ಕೊನೆಯದಾಗಿ

ಕುರ್ಚಿಯನ್ನು ಬೋರಲು ಹಾಕಿ ಹತ್ತು ನಿಮಿಷ ನೋಡಿದರೆ ತಿಳಿಯುವಷ್ಟು ಯಾವ ಫಾರ್ವರ್ಡ್‌ನಿಂದಲೂ ತಿಳಿಯುವುದಿಲ್ಲ. ಹುಳು ಇಲ್ಲ, ಬಣ್ಣ ಏಳುತ್ತಿಲ್ಲ, ಕೂಡುಗಳು ಅಲುಗಾಡುತ್ತಿಲ್ಲ, ಕೂರುವವರು ಸಲೀಸಾಗಿ ಏಳುತ್ತಾರೆ ಎಂದಾದರೆ ಅಜ್ಜನ ಕುರ್ಚಿ ಜಗಲಿಯಲ್ಲೇ ಇರಲಿ. ಮಳೆ ಎರಚಲು ಹೊಡೆಯದ ಕಡೆ ಇಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಬಂದೀತು. ಮನೆಯ ಗುಂಪಿಗೆ ಆ ಸಂದೇಶ ಮತ್ತೆ ಬಂದರೆ, ಉತ್ತರವಾಗಿ ಇದನ್ನು ಕಳಿಸಿ.